ಜಿಂಕ್ ಹಾಕಿದ್ರೂ ಗದ್ದೆ ಕೆಂಪಾಗ್ತಿದ್ಯಾ? ಮೊದಲು ಒಂದು ಬುಡ ಕಿತ್ತು ಬೇರು ನೋಡಿ

ನಾಟಿ ಮಾಡಿ ಇಪ್ಪತ್ತು ದಿನ ಆಗಿರತ್ತೆ, ಗದ್ದೆ ಹಸಿರು ತಿರುಗ್ತಾ ಇದೆ ಅಂತ ಸಮಾಧಾನ ಮಾಡ್ಕೊಳ್ಳೋ ಹೊತ್ತಿಗೆ ಮಧ್ಯೆ ಮಧ್ಯೆ ಒಂದೊಂದು ಕಡೆ ಪೈರು ಮೇಲಕ್ಕೇ ಏಳಲ್ಲ, ಕೆಳಗಿನ ಎಲೆ ಮೇಲೆ ತುಕ್ಕು ಹಿಡಿದ ತಗಡಿನ ಥರ ಕಲೆ, ತೆಂಡೆ ಒಡೆಯಲ್ಲ, ದೂರದಿಂದ ನೋಡಿದ್ರೆ ಗದ್ದೆಗೆ ಯಾರೋ ತೇಪೆ ಹಾಕಿದ ಹಾಗೆ. ನಮ್ಮ ದಾವಣಗೆರೆ ಕಡೆ ಭದ್ರಾ ನಾಲೆ ಕೊನೆ ಭಾಗದ ಗದ್ದೆಗಳಲ್ಲಿ ಇದನ್ನ ನಾನು ಚಿಕ್ಕವನಿದ್ದಾಗಿಂದ ನೋಡ್ತಿದೀನಿ, ನೋಡಿದಾಗೆಲ್ಲಾ ಚಿಕ್ಕಪ್ಪನ ಬಾಯಲ್ಲಿ ಒಂದೇ ಮಾತು, "ರೋಗ ಬಿದ್ದೈತೆ ಕಣೋ, ಅಂಗಡೀಲಿ ಕೇಳಿ ಎಂತದಾದ್ರೂ ಔಷಧಿ ತಗಂಬಾ". ಔಷಧಿ ತರ್ತೀವಿ, ಹೊಡೀತೀವಿ, ಏನೂ ಆಗಲ್ಲ, ಆಮೇಲೆ ಯಾರೋ ಜಿಂಕ್ (ಸತು, ಪೈರಿಗೆ ಚೂರೇ ಚೂರು ಬೇಕಾಗೋ ಪೋಷಕಾಂಶ) ಹಾಕ್ರಿ ಅಂತಾರೆ, ಹತ್ತು ಕೆಜಿ ಚೀಲ ತಂದು ಎರಚ್ತೀವಿ, ಅದೂ ಒಂದೊಂದ್ಸಲ ಕೆಲಸ ಮಾಡತ್ತೆ ಒಂದೊಂದ್ಸಲ ಮಾಡಲ್ಲ. ಯಾಕೆ ಮಾಡಲ್ಲ ಅಂತ ತಲೆ ಕೆಡಿಸ್ಕೊಂಡು ಓದ್ತಾ ಹೋದಾಗ ಗೊತ್ತಾಗಿದ್ದನ್ನ, ಗದ್ದೇಲಿ ಮಾಡಿ ನೋಡಿದ್ದನ್ನ ಸೇರಿಸಿ ಇಲ್ಲಿ ಬರೀತಿದೀನಿ.

ಮೊದಲು ಒಂದು ಸಣ್ಣ ಲೆಕ್ಕ, ಇದು ತಲೇಲಿ ಕೂತ್ರೆ ಉಳಿದಿದ್ದು ಸುಲಭ. ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಅಂದ್ರೆ ಹೆಚ್ಚುಕಮ್ಮಿ 9 ಲಕ್ಷ ಕೆಜಿ. ಸಾಮಾನ್ಯ ಮಣ್ಣಲ್ಲಿ ಒಟ್ಟು ಜಿಂಕು 50 ಪಿಪಿಎಂ (ಹತ್ತು ಲಕ್ಷ ಕೆಜಿಗೆ 50 ಕೆಜಿ) ಆಸುಪಾಸು ಇರತ್ತೆ, ಅಂದ್ರೆ ನಿಮ್ಮ ಎಕರೆಯ ಆ ಪದರದಲ್ಲೇ ಸುಮಾರು 45 ಕೆಜಿ ಜಿಂಕು ಬಿದ್ದಿದೆ. ಎಕರೆಗೆ 25 ಕ್ವಿಂಟಾಲ್ ಭತ್ತ ಬೆಳೆಯೋ ಪೈರಿಗೆ ಕಾಳು ಹುಲ್ಲು ಎಲ್ಲಾ ಸೇರಿ ಬೇಕಾಗೋದು ನೂರು ನೂರೈವತ್ತು ಗ್ರಾಂ, ಒಂದು ಲೋಟದಲ್ಲಿ ಹಿಡಿಯೋವಷ್ಟು. ಮನೆ ತುಂಬ ಅಕ್ಕಿ ಇಟ್ಕೊಂಡು ಉಪವಾಸ ಬಿದ್ದ ಕಥೆ ಇದು. ಅಕ್ಕಿ ಇಲ್ಲ ಅಂತಲ್ಲ, ಕೋಣೆ ಬೀಗ ತೆಗೆಯಲ್ಲ ಅಷ್ಟೇ. ಹಂಗಾಗಿ ಎಷ್ಟು ಹಾಕಿದ್ರಿ ಅನ್ನೋದಕ್ಕಿಂತ ಹಾಕಿದ್ದು ಬೇರಿನ ಹತ್ರ ಹೋಯ್ತಾ, ಹೋಗೋ ಹೊತ್ತಿಗೆ ಬೇರು ಜೀವಂತ ಇತ್ತಾ ಅನ್ನೋದೇ ಮುಖ್ಯ.

ಇದು ಜಿಂಕ್ ಕೊರತೆನೇ ಹೌದಾ, ಮೊದಲು ಅದನ್ನ ನೋಡ್ಕೊಳ್ಳಿ

ಭತ್ತದಲ್ಲಿ ನಾಟಿ ಆಗಿ ಎರಡರಿಂದ ನಾಲ್ಕು ವಾರದ ಒಳಗೆ ಕಾಣಿಸ್ಕೊಳ್ಳತ್ತೆ. ಎಳೇ ಎಲೆ ಬಿಡಿಸಿ ನೋಡಿ, ಬುಡದ ಕಡೆ ಮಧ್ಯದ ನರ ಬಿಳಿಚಿಕೊಂಡಿರತ್ತೆ, ಕೆಳಗಿನ ಹಳೇ ಎಲೆ ಮೇಲೆ ಸಣ್ಣ ಕಂದು ಚುಕ್ಕಿ ಶುರುವಾಗಿ ಒಂದಕ್ಕೊಂದು ಕೂಡ್ಕೊಂಡು ಎಲೆ ಪೂರ್ತಿ ಕಾಚಿನ ಬಣ್ಣಕ್ಕೆ ತಿರುಗತ್ತೆ. ಕಾಚು ಅಂದೆ ನೋಡಿ, ಎಲೆಅಡಿಕೆಗೆ ಹಾಕೋ ಕಾಚು, ಅದೇ ಹೆಸರು ಈ ಕಾಯಿಲೆಗೂ ಬಂದಿದೆ. 1960ರ ದಶಕದಲ್ಲಿ ಹಿಮಾಲಯದ ಬುಡದ ತರಾಯಿ ಸೀಮೆಯಲ್ಲಿ ಭತ್ತ ಹಿಂಗೆ ಕೆಂಪಾಗಿ ಒಣಗ್ತಿತ್ತು, ಅಲ್ಲಿನವರು ಕಾಚಿನ ಮರದ ಹೆಸರಲ್ಲೇ ಖೈರಾ ಅಂತ ಕರೀತಿದ್ರು. ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವೈ. ಎಲ್. ನೆನೆ ಅವರು ಇದು ಬೂಷ್ಟು ವೈರಸ್ಸು ಯಾವ್ದೂ ಅಲ್ಲ, ಜಿಂಕ್ ಇಲ್ದೆ ಹಿಂಗಾಗ್ತಿರೋದು ಅಂತ ತೋರಿಸಿಕೊಟ್ರು. ನಮ್ಮ ಚಿಕ್ಕಪ್ಪ ಇವತ್ತಿಗೂ ಔಷಧಿ ಕೇಳ್ತಾನೆ, ಅದು ಬೇರೆ ವಿಷ್ಯ.

ಬೆಂಕಿ ರೋಗ ಆದ್ರೆ ಕಲೆ ಕಣ್ಣಿನ ಆಕಾರದಲ್ಲಿ ಎರಡು ತುದಿ ಚೂಪಾಗಿ ಮಧ್ಯ ಬೂದಿ ಬಣ್ಣ ಇರತ್ತೆ. ಸಾರಜನಕ ಕಡಿಮೆ ಆದ್ರೆ ಹಳೇ ಎಲೆ ಕಲೆ ಇಲ್ದೆ ಸಮನಾಗಿ ಹಳದಿ ಆಗತ್ತೆ. ಕಬ್ಬಿಣ ಕಡಿಮೆ ಆದ್ರೆ ಹೊಸ ಎಲೆನೇ ಬೆಳ್ಳಗೆ ಬರತ್ತೆ, ಇದು ಒಣ ಸಸಿಮಡಿಯಲ್ಲಿ ಜಾಸ್ತಿ. ಮೆಕ್ಕೆಜೋಳದಲ್ಲಿ ಜಿಂಕ್ ಕೊರತೆ ಗುರುತಿಸೋದು ಇನ್ನೂ ಸುಲಭ, ಸುಳಿಯಿಂದ ಬರೋ ಹೊಸ ಎಲೆಯ ಬುಡದ ಅರ್ಧದಲ್ಲಿ ಮಧ್ಯದ ನರದ ಎರಡೂ ಕಡೆ ಅಗಲವಾದ ಬಿಳಿ ಪಟ್ಟೆ, ಆದ್ರೆ ನರ ಮತ್ತೆ ಅಂಚು ಹಸಿರಾಗೇ ಇರತ್ತೆ.

ಈಗ ಸಲಿಕೆ ತಗೊಳ್ಳಿ. ಕೆಂಪಾಗಿರೋ ಜಾಗದಿಂದ ಒಂದು ಬುಡ, ಚೆನ್ನಾಗಿರೋ ಜಾಗದಿಂದ ಒಂದು ಬುಡ, ಕೈಯಿಂದ ಎಳೀಬೇಡಿ, ಸುತ್ತ ಮಣ್ಣು ಸಮೇತ ಎತ್ತಿ ಬಕೆಟ್ ನೀರಲ್ಲಿ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ಕೆಸರು ಬಿಟ್ಕೊಂಡ ಮೇಲೆ ಎರಡನ್ನೂ ಒಂದು ಬಿಳಿ ಗೊಬ್ಬರದ ಚೀಲದ ಮೇಲೆ ಹರಡಿ. ಚೆನ್ನಾಗಿರೋ ಬುಡದಲ್ಲಿ ತುದಿ ಬೆಳ್ಳಗೆ, ಅದರ ಹಿಂದೆ ಇಟ್ಟಿಗೆ ಬಣ್ಣ. ಆ ಇಟ್ಟಿಗೆ ಬಣ್ಣ ನೋಡಿ ಹೆದರಬೇಡಿ, ಭತ್ತದ ಬೇರು ಎಲೆಯಿಂದ ಗಾಳಿ ಇಳಿಸ್ಕೊಂಡು ಹೊರಗೆ ಬಿಡತ್ತೆ, ಅದಕ್ಕೆ ಕೆಸರಿನಲ್ಲಿರೋ ಕಬ್ಬಿಣ ತುಕ್ಕು ಹಿಡಿದು ಬೇರಿನ ಮೇಲೆ ಕೂರತ್ತೆ, ಅದು ಬೇರು ಉಸಿರಾಡ್ತಿದೆ ಅನ್ನೋ ಗುರುತು. ಕೆಟ್ಟ ಬುಡದಲ್ಲಿ ಬೇರು ಕಪ್ಪಗೆ, ಬೆರಳಲ್ಲಿ ಎಳೆದ್ರೆ ಸಿಪ್ಪೆ ಜಾರ್ಕೊಂಡು ಒಳಗಿನ ದಾರ ಮಾತ್ರ ಉಳಿಯತ್ತೆ, ಮೂಗಿನ ಹತ್ರ ಹಿಡಿದ್ರೆ ಕೊಳೆತ ಮೊಟ್ಟೆ ವಾಸನೆ. ಹಂಗಿದ್ರೆ ಜಿಂಕ್ ಚೀಲ ಸದ್ಯಕ್ಕೆ ಪಕ್ಕಕ್ಕಿಡಿ, ಮೊದಲ ಕೆಲಸ ನೀರು ಬಸಿಯೋದು. ಯಾಕೆ ಅಂತ ಮುಂದೆ ಹೇಳ್ತೀನಿ.

ಮಣ್ಣಿಂದ ಬೇರಿನ ಬಾಗಿಲ ತನಕ

ಯೂರಿಯಾದ ಸಾರ ನೀರಿನ ಜೊತೆ ಹರ್ಕೊಂಡು ಬೇರಿಗೆ ಬರತ್ತೆ. ಜಿಂಕ್ ಹಂಗಲ್ಲ, ಅದು ಜೇಡಿಮಣ್ಣಿಗೆ, ಸುಣ್ಣಕ್ಕೆ, ಸಾವಯವ ಪದಾರ್ಥಕ್ಕೆ ಅಂಟ್ಕೊಂಡು ಕೂತಿರತ್ತೆ, ನೀರಲ್ಲಿ ಕರಗಿರೋದು ಚೂರೇ ಚೂರು. ಬೇರು ತನ್ನ ಮೈ ಪಕ್ಕದ ಜಿಂಕನ್ನ ಎಳ್ಕೊಂಡಾಗ ಅಲ್ಲಿ ಖಾಲಿ ಆಗತ್ತೆ, ಆ ಖಾಲಿಗೆ ಪಕ್ಕದಿಂದ ನಿಧಾನ ಜಾರ್ಕೊಂಡು ಬರತ್ತೆ, ಅದೂ ಎಷ್ಟು ದೂರದಿಂದ, ಕೆಲವೇ ಮಿಲಿಮೀಟರ್. ಗೇಣು ದೂರದಲ್ಲಿ ಬಿದ್ದಿರೋ ಜಿಂಕ್ ಈ ಬೆಳೆಗೆ ಇಲ್ಲ ಅಂತಲೇ ಲೆಕ್ಕ. ಬೇರೇ ಅಲ್ಲಿಗೆ ಹೋಗ್ಬೇಕು. ಅದಕ್ಕೇ ಹೊಸ ಬೇರು, ಬೇರಿನ ಸಣ್ಣ ಕೂದಲು, ಇವು ಎಷ್ಟಿದ್ರೆ ಅಷ್ಟು ಜಿಂಕ್. ಮೆಕ್ಕೆಜೋಳದ ಹೊಲ ಒಣಗಿದ್ರೂ ಇದೇ ಕಥೆ, ಜಾರ್ಕೊಂಡು ಬರೋಕೆ ನೀರಿನ ತೆಳು ಪದರ ಬೇಕು, ಅದು ಕಡಿದ್ರೆ ದಾರಿನೇ ಕಡೀತು.

ಇನ್ನೊಂದು ಮಣ್ಣಿನ ಪಿಎಚ್, ಅಂದ್ರೆ ಹುಳಿ ಎಷ್ಟು ಕ್ಷಾರ ಎಷ್ಟು ಅನ್ನೋ ಅಳತೆ. ಪಿಎಚ್ ಒಂದು ಪಾಯಿಂಟ್ ಮೇಲೆ ಹೋದ್ರೆ ಕರಗೋ ಜಿಂಕು ನೂರು ಪಟ್ಟು ಕಡಿಮೆ ಆಗತ್ತೆ. 6 ಇದ್ದ ಕೆಮ್ಮಣ್ಣಿಗೂ 8 ಇರೋ ಎರೆಮಣ್ಣಿಗೂ ಹತ್ತು ಸಾವಿರ ಪಟ್ಟು ವ್ಯತ್ಯಾಸ, ಚೀಲದ ಮೇಲಿನ ಹೆಸರು ಮಾತ್ರ ಅದೇ. ನಿಮ್ಮ ಮಣ್ಣಲ್ಲಿ ಸುಣ್ಣ ಇದೆಯಾ ಅಂತ ನೋಡೋಕೆ ಲ್ಯಾಬೇ ಬೇಕಂತಿಲ್ಲ, ಒಣ ಮಣ್ಣಿನ ಹೆಂಟೆ ಮೇಲೆ, ಇಲ್ಲಾ ಅದರೊಳಗಿನ ಬಿಳೀ ಸುಣ್ಣಕಲ್ಲಿನ ಮೇಲೆ ನಿಂಬೆರಸ ಹಿಂಡಿ ಕಿವಿ ಹತ್ರ ಹಿಡೀರಿ, ಸುಯ್ ಅಂತ ಸದ್ದು, ಸಣ್ಣ ಗುಳ್ಳೆ ಬಂದ್ರೆ ಸುಣ್ಣ ಇದೆ, ಅಲ್ಲಿ ಜಿಂಕ್ ವಿಷ್ಯದಲ್ಲಿ ಸೋಮಾರಿತನ ನಡೆಯಲ್ಲ.

ಬೇರೂ ಸುಮ್ನೆ ಬಾಯಿ ತೆರ್ಕೊಂಡು ಕೂತಿರಲ್ಲ ಪಾಪ. ತನ್ನ ಸುತ್ತ ಚೂರು ಹುಳಿ ಬಿಡತ್ತೆ, ಆ ಹುಳಿಗೆ ಸ್ವಲ್ಪ ಜಿಂಕ್ ಬಿಟ್ಕೊಳ್ಳತ್ತೆ. ಅಮೋನಿಯಂ ರೂಪದ ಸಾರಜನಕ ತಗೊಂಡಾಗ ಈ ಹುಳಿ ಜಾಸ್ತಿ, ಅದಕ್ಕೇ ಸುಣ್ಣದ ಮಣ್ಣಿನವರು ಯೂರಿಯಾದ ಒಂದು ಭಾಗದ ಬದಲು ಅಮೋನಿಯಂ ಸಲ್ಫೇಟ್ ಹಾಕಿದ್ರೆ ಜಿಂಕಿಗೂ ಅನುಕೂಲ. ಹುಲ್ಲು ಜಾತಿಯ ಬೆಳೆಗಳದ್ದು ಇನ್ನೊಂದು ಉಪಾಯ ಇದೆ, ಜಪಾನಿನ ತಕಾಗಿ ಅನ್ನೋ ವಿಜ್ಞಾನಿ 1970ರ ದಶಕದಲ್ಲಿ ಹಿಡಿದದ್ದು, ಬೇರಿಂದ ಒಂದು ಥರದ ಆಮ್ಲ ಹೊರಗೆ ಬಿಟ್ಟು ಅದರ ಕೈಲಿ ಕಬ್ಬಿಣನ ಹಿಡಿಸಿ ಜೋಡಿ ಸಮೇತ ಒಳಗೆ ಎಳ್ಕೊಳ್ಳೋದು. ಮುಗಿನೆಯಿಕ್ ಆಮ್ಲ ಅಂತಾರೆ, ಮುಗಿ ಅಂದ್ರೆ ಜಪಾನಿ ಭಾಷೇಲಿ ಗೋಧಿ ಬಾರ್ಲಿ, ನಮ್ಮ ಮುಗಿ ಅಲ್ಲ. ಅದೇ ಕೊಂಡಿಗೆ ಜಿಂಕೂ ಸಿಕ್ಕಿಹಾಕ್ಕೊಳ್ಳತ್ತೆ. ಬಾರ್ಲಿ ಗೋಧಿ ಇದರಲ್ಲಿ ಗಟ್ಟಿ, ಭತ್ತ ಬಿಡೋದು ಕಡಿಮೆ.

ಬಾಗಿಲು, ಬೇಲಿ, ಹಗೇವು, ಜಂಕ್ಷನ್

ಬೇರಿನ ಜೀವಕೋಶದ ಚರ್ಮ ದಾಟೋಕೆ ಜಿಂಕಿಗೆ ಬಾಗಿಲು ಬೇಕು, ಆ ಬಾಗಿಲುಗಳು ಪ್ರೋಟೀನು, ಝಿಪ್ ಅಂತ ಒಂದು ದೊಡ್ಡ ಕುಟುಂಬ, ಪ್ಯಾಂಟಿನ ಜಿಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಭತ್ತದ ಬೇರಲ್ಲಿ ಜಿಂಕ್ ಒಳಗೆ ತರೋದ್ರಲ್ಲಿ ಝಿಪ್9 ಮುಖ್ಯವಾದ ಬಾಗಿಲು ಅಂತ 2020ರಲ್ಲಿ ಗೊತ್ತಾಯ್ತು. ಇದರ ಸ್ವಭಾವ ಮಜಾ ಇದೆ, ಜಿಂಕ್ ಕಡಿಮೆ ಆದಾಗ ಗಿಡ ಈ ಬಾಗಿಲುಗಳನ್ನ ಜಾಸ್ತಿ ಮಾಡ್ಕೊಳ್ಳತ್ತೆ, ಸಾಕಾದಾಗ ಕಡಿಮೆ ಮಾಡತ್ತೆ. ಅಂದ್ರೆ ನೀವು ಎರಡು ಪಟ್ಟು ಜಿಂಕ್ ಸುರಿದ್ರೆ ಗಿಡ ಎರಡು ಪಟ್ಟು ತಗೊಳ್ಳಲ್ಲ, ದುಡ್ಡು ಮಣ್ಣಿಗೆ ಅಷ್ಟೇ.

ಒಳಗೆ ಬಂದ ಜಿಂಕ್ ಕೋಶದಿಂದ ಕೋಶಕ್ಕೆ ದಾಟ್ತಾ ಬೇರಿನ ನಡುವಿಗೆ ಹೋಗ್ಬೇಕು. ಕೆಲವು ಅಣುಗಳು ಕೋಶದ ಒಳಗೆ ಹೋಗ್ದೆ ಗೋಡೆ ಸಂದೀಲಿ ನುಸುಳಿ ಬರ್ತವೆ, ಅವನ್ನ ತಡೆಯೋಕೆ ಅಂತ್ಲೇ ನಡುವಿನ ನಾಳದ ಸುತ್ತ ಒಂದು ಬೇಲಿ ಇದೆ, ಕ್ಯಾಸ್ಪೇರಿಯನ್ ಪಟ್ಟಿ, ನಲ್ಲಿ ಜಾಯಿಂಟಿಗೆ ಸುತ್ತೋ ಟೇಪ್ ಇರತ್ತಲ್ಲ ಹಂಗೆ ಸಂದಿ ಬಿಗಿಯಾಗಿ ಮುಚ್ಚಿರತ್ತೆ. ಬೇರಿನ ತುದಿ ಹತ್ರ ಈ ಪಟ್ಟಿ ಇನ್ನೂ ಬಲಿತಿರಲ್ಲ, ಹಿಂದಕ್ಕೆ ಹೋದಷ್ಟೂ ಬಿಗಿ. ಆ ಬೆಳ್ಳನೆ ತುದಿ ನೋಡಿ ಅಂತ ನಾನು ಯಾಕೆ ಅಷ್ಟು ಹೇಳಿದ್ದು ಅಂತ ಈಗ ಗೊತ್ತಾಯ್ತಲ್ಲ.

ದಾರೀಲಿ ಇನ್ನೊಂದು ಜಾಗ ಇದೆ, ಕೋಶದೊಳಗಿನ ಚೀಲ, ವ್ಯಾಕ್ಯೂಲ್. ಹಳೇ ಕಾಲದಲ್ಲಿ ಜೋಳ ತುಂಬಿ ಮುಚ್ಚಿಡ್ತಿದ್ದ ಹಗೇವು ನೆನಪಿಸ್ಕೊಳ್ಳಿ. ಎಚ್‌ಎಂಎ3 ಅನ್ನೋ ಪಂಪು ಹೆಚ್ಚಾದ ಜಿಂಕನ್ನ ಅದರೊಳಗೆ ತಳ್ಳಿ ಮುಚ್ಚತ್ತೆ, ಎಚ್‌ಎಂಎ2 ಅನ್ನೋ ಅದರ ತಮ್ಮ ಜಿಂಕನ್ನ ಮೇಲಕ್ಕೆ ಹೋಗೋ ನೀರಿನ ನಾಳಕ್ಕೆ ಏರಿಸತ್ತೆ. ಇಬ್ಬರಲ್ಲಿ ಯಾರ ಕೈ ಮೇಲಾಗತ್ತೆ ಅನ್ನೋದ್ರ ಮೇಲೆ ಬೇರಲ್ಲೇ ಎಷ್ಟು ಉಳೀತು, ಎಲೆಗೆ ಎಷ್ಟು ಹೋಯ್ತು ಅನ್ನೋದು ನಿಂತಿದೆ, ಮತ್ತೆ ಇದು ತಳಿಯಿಂದ ತಳಿಗೆ ಬೇರೆ. ಜಿಂಕ್ ಒಂಟಿಯಾಗಿ ಓಡಾಡಿದ್ರೆ ಕಂಡಕಂಡಲ್ಲಿ ಅಂಟ್ಕೊಳ್ಳತ್ತೆ, ಅದಕ್ಕೆ ಒಳಗೆ ಜೊತೆಗಾರ್ರು ಇರ್ತಾರೆ, ಕೋಶದೊಳಗೆ ನಿಕೋಟಿಯಾನಮೈನ್, ನೀರಿನ ನಾಳದಲ್ಲಿ ಸಿಟ್ರೇಟ್, ಅದೇ ನಮ್ಮ ನಿಂಬೆಹಣ್ಣಿನ ಹುಳಿ.

ನೀರಿನ ನಾಳ ನೀರು ಜಾಸ್ತಿ ಆವಿ ಆಗೋ ಕಡೆ ಓಡತ್ತೆ, ಅಂದ್ರೆ ದೊಡ್ಡ ಎಲೆಗಳಿಗೆ. ಆದ್ರೆ ಜಿಂಕ್ ಬೇಕಾಗಿರೋದು ಇನ್ನೂ ಸುರುಳಿ ಬಿಚ್ಚದ ಸುಳಿಗೆ, ಹೊಟ್ಟೆಯೊಳಗಿನ ತೆನೆಗೆ, ಅವು ನೀರು ಕುಡಿಯೋದೇ ಕಡಿಮೆ. ಇಲ್ಲಿ ಗಿಣ್ಣಿನ ಕೆಲಸ. ಭತ್ತದ ಕಾಂಡದ ಗಿಣ್ಣು ನಮ್ಮ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ, ಎಲೆ ಕಡೆ ಹೊರಟ ಗಾಡಿಯಿಂದ ಝಿಪ್3 ಜಿಂಕನ್ನ ಇಳಿಸತ್ತೆ, ಎಚ್‌ಎಂಎ2 ಅದನ್ನ ತೆನೆ ಕಡೆ ಹೋಗೋ ಗಾಡಿಗೆ ಹತ್ತಿಸತ್ತೆ. ಈ ಬದಲಾವಣೆ ಇಲ್ದಿದ್ರೆ ಕಾಳಿಗೆ ಚೂರೂ ಸಾಲ್ತಿರಲಿಲ್ಲ. ನಾನು ಇದನ್ನ ಓದಿದ ದಿನ ಒಂದು ಗಿಣ್ಣನ್ನ ಬ್ಲೇಡಲ್ಲಿ ಅಡ್ಡ ಸೀಳಿ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದ್ದೆ, ಬರಿಗಣ್ಣಿಗೂ ಚುಕ್ಕಿ ಚುಕ್ಕಿ ನಾಳಗಳು ಗಿಜಿಗಿಜಿ ಕಾಣ್ತವೆ, ಗಿಣ್ಣಿನ ಮೇಲೆ ಕೆಳಗೆ ಸೀಳಿದ್ರೆ ಅಷ್ಟು ಇರಲ್ಲ.

ಮಣ್ಣು ಪರೀಕ್ಷೆ, ನಮ್ಮ ಬಕೆಟ್ ಕಥೆ

ಒಂದ್ಸಲ ನಮ್ಮ ಗದ್ದೆ ಮಣ್ಣಿನ ರಿಪೋರ್ಟಲ್ಲಿ ಜಿಂಕ್ ಭರ್ಜರಿ ಇದೆ ಅಂತ ಬಂತು, ಗದ್ದೆ ನೋಡಿದ್ರೆ ಕಾಚಿನ ಬಣ್ಣ. ಲ್ಯಾಬಿನವರನ್ನ ಬೈಕೊಂಡು ಓಡಾಡಿದ್ವಿ, ಕೊನೆಗೆ ನೋಡಿದ್ರೆ ತಪ್ಪು ನಮ್ಮದೇ, ಮಣ್ಣು ಕಲಸಿದ್ದು ಹಳೇ ಜಿಐ ಬಕೆಟ್ಟಲ್ಲಿ. ಜಿಐ ಅಂದ್ರೆ ಕಬ್ಬಿಣದ ಮೇಲೆ ಜಿಂಕ್ ಲೇಪ, ಕೆರೆದು ಕೆರೆದು ಕಲಸಿದ್ದಕ್ಕೆ ಬಕೆಟ್ಟಿನ ಜಿಂಕೇ ರಿಪೋರ್ಟಿಗೆ ಹೋಗಿತ್ತು. ಹಂಗಾಗಿ ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ಕವರ್, ತುಕ್ಕು ಇಲ್ಲದ ಸಲಿಕೆ. ಒಂದು ಎಕರೆಲಿ ಅಡ್ಡಾದಿಡ್ಡಿ ನಡೀತಾ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಗುಂಡಿ ತೆಗೆದು ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ ಕೆರ್ಕೊಳ್ಳಿ. ತಿಪ್ಪೆ ಇದ್ದ ಜಾಗ, ಬದು, ಮರದ ನೆರಳು, ಗೊಬ್ಬರದ ಚೀಲ ಇಳಿಸಿದ ಜಾಗ ಬಿಡಿ. ಎಲ್ಲಾ ಕಲಸಿ ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಿಸಿ ಕೊಡಿ, ಕೊಡುವಾಗ ಜಿಂಕೂ ನೋಡಿ ಅಂತ ಬಾಯಿಬಿಟ್ಟು ಕೇಳಿ.

ರಿಪೋರ್ಟಲ್ಲಿ ಡಿಟಿಪಿಎ ಜಿಂಕ್ ಅಂತ ಇರತ್ತೆ, ಅಂದ್ರೆ ಒಟ್ಟು ಜಿಂಕಲ್ಲ, ಗಿಡಕ್ಕೆ ಸಿಗೋ ಜಿಂಕಿನ ಅಳತೆ, 0.6 ಪಿಪಿಎಂಗಿಂತ ಕಡಿಮೆ ಇದ್ರೆ ಕೊರತೆ. ನಮ್ಮ ರಾಜ್ಯದಲ್ಲಿ 2009ರಲ್ಲಿ ಸರ್ಕಾರ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿದಾಗ ಜಿಂಕು, ಬೋರಾನು, ಗಂಧಕ ಈ ಮೂರರ ಹೆಸರು ಊರೂರಿಗೆ ಮುಟ್ಟಿತು, ಅದಕ್ಕೂ ಮುಂಚೆ ಹೆಚ್ಚಿನವರಿಗೆ ಎನ್‌ಪಿಕೆ ಬಿಟ್ರೆ ಬೇರೆ ಗೊತ್ತೇ ಇರಲಿಲ್ಲ.

ಎಷ್ಟು, ಯಾವಾಗ, ಹೇಗೆ

ಅಂಗಡೀಲಿ ಎರಡು ಥರ ಜಿಂಕ್ ಸಲ್ಫೇಟ್ ಸಿಗತ್ತೆ, ಚೀಲದ ಮೇಲೆ ಶೇಕಡಾವಾರು ಓದಿ. ಹರಳು ಹರಳಾಗಿರೋ ಹೆಪ್ಟಾಹೈಡ್ರೇಟಲ್ಲಿ 21% ಜಿಂಕ್, ಪುಡಿ ಪುಡಿ ಮೋನೋಹೈಡ್ರೇಟಲ್ಲಿ 33%. ಕೊರತೆ ಇರೋ ಗದ್ದೆಗೆ ಎಕರೆಗೆ 21% ದು 8ರಿಂದ 10 ಕೆಜಿ ಸಾಕು, 33% ದು ಆದ್ರೆ ಆರೂವರೆ ಕೆಜಿ ಒಳಗೆ. ರೇಟ್ ಹೋಲಿಸುವಾಗ ಚೀಲದ ರೇಟು ನೋಡ್ಬೇಡಿ, ಒಳಗಿನ ಜಿಂಕಿನ ಕೆಜಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಒಮ್ಮೆ ಹಾಕಿದ್ದು ಎರಡು ಮೂರು ಬೆಳೆ ತನಕ ಸ್ವಲ್ಪ ಸ್ವಲ್ಪ ಕೆಲಸ ಮಾಡತ್ತೆ, ಪ್ರತಿ ಬೆಳೆಗೂ ಹಾಕೋದು ದಂಡ.

ಭತ್ತಕ್ಕೆ ಕೆಸರು ಹೊಡೆಸಿ ಹಲಗೆ ಎಳೆದು ಮಟ್ಟ ಮಾಡಿದ ಮೇಲೆ ನಾಟಿಗೆ ಮುಂಚೆ ಮೇಲೆ ಎರಚಿ, ಆಳಕ್ಕೆ ಉಳಬೇಡಿ, ನಾಟಿ ಆದ ಮೊದಲ ವಾರಗಳಲ್ಲಿ ಎಳೇ ಬೇರು ಮೇಲಿನ ಪದರದಲ್ಲೇ ಇರತ್ತೆ, ಮತ್ತೆ ಆಳದಲ್ಲಿ ಗಾಳಿ ಇಲ್ದೆ ಜಿಂಕ್ ಕಟ್ಟಿಹೋಗತ್ತೆ. ಹತ್ತು ಕೆಜಿ ಎಕರೆಗೆ ಸಮ ಎರಚೋದು ಕಷ್ಟ, ನಾವು ಹತ್ತರಷ್ಟು ಪುಡಿಯಾದ ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ ನೀರು ಚಿಮುಕಿಸಿ ನೆರಳಲ್ಲಿ ಎರಡು ವಾರ ಮುಚ್ಚಿಟ್ಟು ಆಮೇಲೆ ಎರಚ್ತೀವಿ, ಗೊಬ್ಬರದ ಸಾವಯವ ಆಮ್ಲಗಳು ಜಿಂಕನ್ನ ಹಿಡ್ಕೊಂಡು ಬೇರಿಗೆ ಸಿಗೋ ರೂಪದಲ್ಲಿ ಇಡ್ತವೆ. ಗೊಬ್ಬರ ಇಲ್ಲಾಂದ್ರೆ ಒಣ ಮರಳಾದ್ರೂ ಆಗತ್ತೆ.

ರಂಜಕದ ಗೊಬ್ಬರ ಡಿಎಪಿ ಜೊತೆ ಮಾತ್ರ ಕಲಸಬೇಡಿ. ಅಪ್ಪ ಒಂದ್ಸಲ, ಗದ್ದೆ ತುಂಬ ಎರಡೆರಡು ಸಲ ಯಾರು ತಿರುಗ್ತಾರೆ ಅಂತ, ಒಂದೇ ಬುಟ್ಟೀಲಿ ಎರಡನ್ನೂ ಕಲಸಿ ಊಟಕ್ಕೆ ಹೋಗಿ ಬಂದ್ರು, ಬರೋ ಹೊತ್ತಿಗೆ ಬುಟ್ಟಿ ತಳದಲ್ಲಿ ಅಂಟು ಮುದ್ದೆ, ಒಡೆದ್ರೆ ಗಟ್ಟಿ ಗಡ್ಡೆ. ಜಿಂಕೂ ರಂಜಕವೂ ಕೂಡಿ ನೀರಲ್ಲಿ ಕರಗದ ಜಿಂಕ್ ಫಾಸ್ಫೇಟ್ ಆಗತ್ತೆ, ಎರಡೂ ನಷ್ಟ. ಡಿಎಪಿ ಹಾಕಿ ಎರಡು ಮೂರು ದಿನ ಬಿಟ್ಟು ಜಿಂಕ್ ಹಾಕಿ. ಇದಕ್ಕಿಂತ ದೊಡ್ಡ ಸಮಸ್ಯೆ ವರ್ಷ ವರ್ಷ ಲೆಕ್ಕ ಇಲ್ದೆ ಡಿಎಪಿ ಸುರಿಯೋದು. ರಂಜಕ ಹೆಚ್ಚಾದ್ರೆ ಗಿಡದೊಳಗೂ ಜಿಂಕಿಗೆ ಅಡ್ಡಿ, ಹೊರಗೂ ಅಡ್ಡಿ, ಯಾಕಂದ್ರೆ ಮೆಕ್ಕೆಜೋಳದಂಥ ಬೆಳೆಗೆ ಬೇರಿಗೆ ಅಂಟ್ಕೊಂಡು ದೂರದ ಜಿಂಕು ತಂದುಕೊಡೋ ವ್ಯಾಮ್ ಶಿಲೀಂಧ್ರ ರಂಜಕ ಜಾಸ್ತಿ ಇದ್ದ ಕಡೆ ಸರಿಯಾಗಿ ಬೆಳೆಯಲ್ಲ. ರಿಪೋರ್ಟಲ್ಲಿ ರಂಜಕ ಹೆಚ್ಚು ಅಂತ ಬಂದವರು ಡಿಎಪಿ ಇಳಿಸಿದ್ರೇನೇ ಅರ್ಧ ಜಿಂಕ್ ಹಾಕಿದ ಹಾಗೆ.

ಈಗ ನೀರಿನ ವಿಷ್ಯ, ಇದನ್ನ ನಮ್ಮ ಕಡೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ನಾಲೇಲಿ ನೀರು ಬಂದಾಗ ಕಟ್ಟಿ ನಿಲ್ಲಿಸ್ಕೊಳ್ಳದಿದ್ರೆ ಮತ್ತೆ ಸಿಗತ್ತೋ ಇಲ್ವೋ ಅನ್ನೋ ಭಯ, ಅದೂ ಸುಳ್ಳಲ್ಲ, ಕೊನೆ ಭಾಗದವರ ಕಷ್ಟ ಕೊನೆ ಭಾಗದವರಿಗೇ ಗೊತ್ತು. ಆದ್ರೂ ಕೇಳಿ. ತಿಂಗಳುಗಟ್ಟಲೆ ನೀರು ನಿಂತ ಗದ್ದೇಲಿ ಮಣ್ಣಿನೊಳಗೆ ಗಾಳಿ ಮುಗಿದುಹೋಗತ್ತೆ, ಆಗ ಬೈಕಾರ್ಬನೇಟ್ ಜಾಸ್ತಿ ಆಗಿ ಬೇರಿನ ಬೆಳವಣಿಗೆ ತಡೆಯತ್ತೆ, ಗಂಧಕ ಕೊಳೆತು ಆ ಮೊಟ್ಟೆ ವಾಸನೆ ಗ್ಯಾಸ್ ಬರತ್ತೆ, ಅದು ಜಿಂಕನ್ನ ಹಿಡಿದು ಜಿಂಕ್ ಸಲ್ಫೈಡ್ ಮಾಡಿ ಕೂರಿಸತ್ತೆ. ಬೇರು ಕಪ್ಪಾದ ಗದ್ದೆಗೆ ನೀವು ಎಷ್ಟು ಜಿಂಕ್ ಎರಚಿದ್ರೂ ಅದೇ ಗುಂಡಿಗೆ ಬೀಳತ್ತೆ. ನೀರು ಬಸಿದು ಮೂರ್ನಾಲ್ಕು ದಿನ ಬಿಡಿ, ಕೂದಲೆಳೆ ಬಿರುಕು ಕಾಣೋ ತನಕ, ದೊಡ್ಡ ಬಿರುಕು ಬೇಡ. ಬೆಳ್ಳನೆ ಹೊಸ ತುದಿ ಮೂಡಿದ್ದು ನೋಡ್ಕೊಂಡು ಆಮೇಲೆ ತೆಳ್ಳಗೆ ನೀರು ಕೊಟ್ಟು ಜಿಂಕ್ ಹಾಕಿ. ಎರಡು ಬೆಳೆ ಭತ್ತದ ಮಧ್ಯೆ ಗದ್ದೆ ಪೂರ್ತಿ ಒಣಗಿ ಬಿಸಿಲು ಕಂಡ್ರೆ ಇನ್ನೂ ಒಳ್ಳೇದು.

ಬೇರಿಗೆ ನೇರವಾಗಿ ಮುಟ್ಟಿಸೋ ಒಂದು ಅಗ್ಗದ ದಾರಿ ಸಸಿ ಅದ್ದೋದು. ಲೀಟರ್ ನೀರಿಗೆ 20 ಗ್ರಾಂ ಜಿಂಕ್ ಆಕ್ಸೈಡ್ ಹಾಕಿ ಕದಡಿ, ಇದು ಕರಗಲ್ಲ, ಸುಣ್ಣದ ನೀರಿನ ಥರ ಬೆಳ್ಳಗೆ ತೇಲ್ತಿರತ್ತೆ, ಕದಡ್ತಾ ಇರಬೇಕು. ಸಸಿಮಡಿಯಿಂದ ಕಿತ್ತ ಕಟ್ಟಿನ ಬೇರನ್ನ ತೊಳೆದು ಅದರಲ್ಲಿ ಅದ್ದಿ ತೆಗೆದು ನಾಟಿಗೆ ಕೊಡಿ. ಬೇರಿನ ಮೈಗೇ ಅಂಟಿರತ್ತೆ, ಮಿಲಿಮೀಟರ್ ಲೆಕ್ಕದ ಪ್ರಯಾಣನೇ ಬೇಡ. ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಮಷಿನ್ ನಾಟಿ ಟ್ರೇ ಸಸಿಗೆ ಇದು ಒಗ್ಗಲ್ಲ, ಅವರು ಸಸಿಮಡಿ ಮಣ್ಣಿಗೇ ಜಿಂಕ್ ಸೇರಿಸ್ಕೊಳ್ಳೋದು ವಾಸಿ.

ಮೆಕ್ಕೆಜೋಳದವರಿಗೆ ಬಿತ್ತನೆ ಹೊತ್ತಲ್ಲಿ ಅದೇ ಎಕರೆಗೆ ಎಂಟು ಹತ್ತು ಕೆಜಿ, ಗೊಬ್ಬರಕ್ಕೆ ಕಲಸಿ ಸಾಲಲ್ಲಿ, ಡಿಎಪಿ ಬಿದ್ದ ಗೆರೆಯಿಂದ ಸ್ವಲ್ಪ ಆಚೆ. ಬಿತ್ತಿ ಆಗೋಯ್ತು, ಸುಳಿ ಬೆಳ್ಳಗೆ ಬರ್ತಿದೆ ಅಂದ್ರೆ ಮಣ್ಣಿಗೆ ಹಾಕ್ತಾ ಕೂರಬೇಡಿ, ಸ್ಪ್ರೇ ಮಾಡಿ.

ಸ್ಪ್ರೇ ಹೇಗೆ ಅಂದ್ರೆ, 21% ಜಿಂಕ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಜೊತೆಗೆ ಸುಟ್ಟ ಸುಣ್ಣ ಎರಡೂವರೆ ಗ್ರಾಂ. 16 ಲೀಟರ್ ಕ್ಯಾನಿಗೆ 80 ಗ್ರಾಂ ಜಿಂಕ್ ಸಲ್ಫೇಟು 40 ಗ್ರಾಂ ಸುಣ್ಣ, ಎಕರೆಗೆ 200 ಲೀಟರ್ ಅಂತ ಹಿಡಿದ್ರೆ ಒಂದು ಕೆಜಿ ಜಿಂಕ್ ಸಲ್ಫೇಟು ಅರ್ಧ ಕೆಜಿ ಸುಣ್ಣ. ಸುಣ್ಣ ಯಾಕೆ ಅಂದ್ರೆ ಬರೀ ಜಿಂಕ್ ಸಲ್ಫೇಟ್ ಹುಳಿ, ಎಲೆ ಸುಡತ್ತೆ. ಸುಣ್ಣನ ಹಿಂದಿನ ರಾತ್ರಿ ಬೇರೆ ಪಾತ್ರೇಲಿ ನೆನೆಹಾಕಿ ಬೆಳಿಗ್ಗೆ ತಿಳಿ ಮಾತ್ರ ಬಟ್ಟೇಲಿ ಸೋಸಿ, ಇಲ್ಲಾಂದ್ರೆ ನಾಝಲ್ ಕಟ್ಟಿ ಕಟ್ಟಿ ಸಂಜೆ ತನಕ ಬಾಯಲ್ಲಿ ಊದ್ಕೊಂಡು ಕೂರ್ತೀರ. ಭತ್ತದಲ್ಲಿ ಸುಣ್ಣದ ಬದಲು ಲೀಟರಿಗೆ 20 ಗ್ರಾಂ ಯೂರಿಯಾ ಹಾಕೋದೂ ಉಂಟು. ಬಿಸಿಲಿಳಿದ ಮೇಲೆ ಹೊಡೀರಿ, ಹತ್ತು ದಿನಕ್ಕೆ ಇನ್ನೊಮ್ಮೆ. ಇಡಿಟಿಎ ಜಿಂಕ್ (ಇಡಿಟಿಎ ಅನ್ನೋ ರಾಸಾಯನಿಕದ ಜೊತೆ ಕಟ್ಟಿಟ್ಟ ಜಿಂಕ್) ಸಿಕ್ರೆ ಅದರಲ್ಲಿ ಜಿಂಕ್ 12% ಮಾತ್ರ, ಆದ್ರೆ ಎಲೆ ಸುಡಲ್ಲ, ಪ್ಯಾಕೆಟ್ ಮೇಲಿನ ಅಳತೆ ದಾಟಬೇಡಿ. ಸ್ಪ್ರೇ ತಕ್ಷಣದ ಪೈರನ್ನ ಉಳಿಸತ್ತೆ ಅಷ್ಟೇ, ಎಲೆಗೆ ಬಿದ್ದ ಜಿಂಕು ಬೇರಿಗೆ ಇಳಿಯೋದು ಕಮ್ಮಿ, ಮುಂದಿನ ಬೆಳೆಗೆ ಮಣ್ಣಿಗೆ ಹಾಕಲೇಬೇಕು.

ಹೂ ಆದ ಮೇಲೆ ಹಾಲುಗಾಳಿನ ಹೊತ್ತಲ್ಲಿ ಹೊಡೆಯೋ ಸ್ಪ್ರೇ ಬೇರೆ ಲೆಕ್ಕ, ಇಳುವರಿಗಿಂತ ತಿನ್ನೋರಿಗೆ ಅದು. ಎಲೆ ಮಾಡಿದ ಆಹಾರ ಸಾಗಿಸೋ ನಾಳ ಹಿಡಿದು ಜಿಂಕ್ ಕಾಳಿಗೆ ಹೋಗತ್ತೆ. ಟರ್ಕಿಯಲ್ಲಿ ಅನಟೋಲಿಯಾದ ಸುಣ್ಣದ ಮಣ್ಣಿನ ಗೋಧಿ ಮೇಲೆ ಇದರ ಕೆಲಸ ಬಹಳ ನಡೆದಿದೆ, ಗೋಧಿಲಿ ಚೆನ್ನಾಗಿ ಏರತ್ತೆ, ಭತ್ತದಲ್ಲಿ ಅಷ್ಟಿಲ್ಲ, ಏರಿದ್ರಲ್ಲೂ ಒಂದು ಪಾಲು ತೌಡಿನ ಜೊತೆ ಮಿಲ್ಲಲ್ಲೇ ಹೋಗತ್ತೆ. ಅದಕ್ಕೆ ತಳಿಯನ್ನೇ ಬದಲಾಯಿಸೋ ದಾರಿ ಇದೆ, 2016ರಲ್ಲಿ ಬಂದ ಡಿಆರ್‌ಆರ್ ಧಾನ್ 45 ಕರ್ನಾಟಕಕ್ಕೂ ಶಿಫಾರಸು ಆಗಿದೆ, ಪಾಲಿಶ್ ಆದ ಅಕ್ಕೀಲೂ 22.6 ಪಿಪಿಎಂ ಜಿಂಕು, ಮಾಮೂಲಿ ತಳಿಗಳಲ್ಲಿ 12ರಿಂದ 16. ಮಾರ್ಕೆಟ್ಟಲ್ಲಿ ಸೋನಾಮಸೂರಿ ರೇಟು ಇದಕ್ಕೆ ಕೊಡ್ತಾರಾ ಅಂದ್ರೆ, ಮಿಲ್ಲಿನವರು ಜಿಂಕ್ ನೋಡಿ ಕೊಳ್ಳಲ್ಲ, ಕಾಳಿನ ಸಣ್ಣ ನೋಡಿ ಕೊಳ್ತಾರೆ. ಮನೆ ಊಟಕ್ಕೆ ಅರ್ಧ ಎಕರೆ ಹಾಕ್ಕೊಳ್ಳೋಕೆ ಅಡ್ಡಿ ಇಲ್ಲ.

ಕೆಲಸ ಆಯ್ತಾ ಇಲ್ವಾ ಅಂತ ನೋಡೋಕೆ ಹಳೇ ಎಲೆ ನೋಡ್ಬೇಡಿ, ಕಾಚಿನ ಕಲೆ ಮಾಯ ಆಗಲ್ಲ, ಅದು ಹಂಗೇ ಒಣಗತ್ತೆ. ಹತ್ತು ದಿನ ಬಿಟ್ಟು ಹೊಸ ಎಲೆಯ ಬುಡದ ನರ ನೋಡಿ, ಹಸಿರಿದ್ರೆ ಆಯ್ತು, ಮತ್ತೆ ಒಂದು ಬುಡ ಎತ್ತಿ ಬೆಳ್ಳನೆ ತುದಿ ಎಣಿಸಿ. ಜೊತೆಗೆ ಬದುವಿನಿಂದ ಈಚೆ ಐದು ಸಾಲು ಜಿಂಕ್ ಹಾಕ್ದೆ ಬಿಟ್ಟು ಎರಡು ಕಡ್ಡಿ ನೆಟ್ಟು ಗುರುತು ಮಾಡಿ, ಹೋಲಿಸೋಕೆ ಏನೂ ಇಲ್ದಿದ್ರೆ ಮಳೆ ಬಿದ್ದು ಹಸಿರಾಯ್ತೋ ಜಿಂಕಿಗೆ ಹಸಿರಾಯ್ತೋ ಅಂತ ಗೊತ್ತಾಗೋದು ಹೆಂಗೆ. ಹೋದ ಬೇಸಿಗೆ ಬೆಳೇಲಿ ನಾನು ಹಿಂಗೇ ಐದು ಸಾಲು ಬಿಟ್ಟಿದ್ದೆ, ಹನ್ನೆರಡನೇ ದಿನಕ್ಕೆ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣ್ತಿತ್ತು, ಫೋಟೋ ತೆಗೆಯೋಣ ಅಂತ ಮಾರನೇ ದಿನ ಹೋದ್ರೆ ಚಿಕ್ಕಪ್ಪ ಆ ಐದು ಸಾಲಿಗೂ ಒಂದು ಕ್ಯಾನ್ ಹೊಡೆದು ಮುಗಿಸಿದ್ದ, "ಅಷ್ಟುದ್ದಕ್ಕೆ ಯಾಕೋ ಮಾರಾಯ ಉಪಾಸ ಕೆಡವ್ತೀಯ" ಅಂತ ನನಗೇ ಬೈದ.